ಓರೆ ನಿವೇಶನದಲ್ಲಿ ನೇರ ಕೋಣೆ

ನಗರದ ಬಡಾವಣೆಯನ್ನು 30 ಅಡಿಗೆ 40 ಅಡಿಯ ಆಯತಗಳಾಗಿ ವಿಂಗಡಿಸುತ್ತ ಹೋಗುವಾಗ ರಾಜಕಾಲುವೆಯೋ ರೈಲುಹಳಿಯೋ ಹಳೆಯ ಬಂಡಿದಾರಿಯೋ ಅಡ್ಡ ಬಂದಲ್ಲಿ ಮೂರು ಮೂಲೆಯ ಅಥವಾ ಒಂದು ಬದಿ ಓರೆಯಾದ ನಿವೇಶನಗಳು ಉಳಿದುಬಿಡುತ್ತವೆ. ಮುಂಭಾಗ ಕಿರಿದಾಗಿ ಹಿಂಭಾಗ ಅಗಲವಾಗಿದ್ದರೆ ಅದು ಗೋಮುಖ, ಮುಂಭಾಗವೇ ಅಗಲವಾಗಿದ್ದರೆ ವ್ಯಾಘ್ರಮುಖ. ಮೊದಲನೆಯದು ವಾಸಕ್ಕೆ, ಎರಡನೆಯದು ವ್ಯಾಪಾರಕ್ಕೆ ಎಂಬ ವಾಸ್ತುವಿನ ಮಾತಿನಲ್ಲಿ, ನಂಬಿಕೆಯನ್ನು ಬದಿಗಿಟ್ಟರೂ, ಬೀದಿಗೆ ಅಗಲವಾಗಿ ತೆರೆದುಕೊಳ್ಳಬೇಕಾದದ್ದು ಅಂಗಡಿಯೇ ಹೊರತು ಮಲಗುವ ಕೋಣೆಯಲ್ಲ ಎಂಬ ಲೋಕಾನುಭವ ಅಡಗಿದೆ.

ಇಂಥ ನಿವೇಶನದ ನಾಲ್ಕು ಬದಿಗಳನ್ನಷ್ಟೇ ಅಳೆದರೆ ಏನೂ ಅಳೆದಂತಾಗುವುದಿಲ್ಲ. ಎದುರುಬದುರು ಬದಿಗಳು 30 ಮತ್ತು 40 ಅಡಿಯೇ ಇದ್ದರೂ, ಒಂದು ಮೂಲೆಯಿಂದ ಎದುರು ಮೂಲೆಗಿರುವ ದೂರ, ಅಂದರೆ ಕರ್ಣ, 50 ಅಡಿಯ ಬದಲು 45 ಅಡಿ ಬಂದರೆ ವಿಸ್ತೀರ್ಣ 1,200ರಿಂದ ಸುಮಾರು 1,176 ಚದರಡಿಗೆ ಇಳಿಯುತ್ತದೆ. 1150ರಲ್ಲಿ ರಚಿತವಾದ 'ಲೀಲಾವತಿ'ಯಲ್ಲಿ ಭಾಸ್ಕರಾಚಾರ್ಯರು, ಕರ್ಣವನ್ನಾಗಲಿ ಲಂಬವನ್ನಾಗಲಿ ತಿಳಿಸದೆ ಚತುರ್ಭುಜದ ವಿಸ್ತೀರ್ಣ ಕೇಳುವವನನ್ನು ಪಿಶಾಚಿಯೆಂದೇ ಜರೆದು, ಅದಕ್ಕೆ ಉತ್ತರ ಕೊಡಲು ಹೊರಡುವವನನ್ನೂ ಬಿಟ್ಟಿಲ್ಲ. ಎದುರು ಬದಿಗಳ ಸರಾಸರಿ ಹಿಡಿದು ಗುಣಿಸುವ ರೂಢಿಯ ಲೆಕ್ಕವಂತೂ, ನಿವೇಶನ ಆಯತವಲ್ಲದಿದ್ದರೆ, ಯಾವಾಗಲೂ ಹೆಚ್ಚೇ ತೋರಿಸುವುದರಿಂದ ನಷ್ಟ ಕೊಳ್ಳುವವರದು.

ನಕ್ಷೆ ಬರೆಯುವಾಗ ಆಗುವ ದೊಡ್ಡ ತಪ್ಪಿಗೆ ಕಾರಣ ಜಾಗದ ಮೇಲಿನ ಆಸೆ. ಗಡಿಗೂ ಗೋಡೆಗೂ ನಡುವೆ ನಿಯಮದಂತೆ ಖಾಲಿ ಬಿಡಬೇಕಾದ ಸೆಟ್‌ಬ್ಯಾಕನ್ನು ಕಳೆದ ಮೇಲೆ ಉಳಿಯುವ ಜಾಗವೂ ಓರೆಯಾಗಿಯೇ ಇರುತ್ತದೆ. ಅದರಲ್ಲಿ ಒಂದಡಿಯೂ ಹೋಗಬಾರದೆಂದು ಒಳಗೋಡೆಗಳನ್ನೆಲ್ಲ ಓರೆ ಗಡಿಗೆ ಹೊಂದಿಸಿದರೆ ಪ್ರತಿ ಕೋಣೆಯೂ ಸೊಟ್ಟಗಾಗುತ್ತದೆ. ಮಂಚ, ಬೀರು, ನೆಲದ ಟೈಲ್ಸು ಎಲ್ಲವೂ ಚೌಕವಾಗಿಯೇ ಬರುವುದರಿಂದ ಅವುಗಳ ಹಿಂದೆ ಪೊರಕೆಯೂ ತಲುಪದ ಸಂದುಗಳು ಉಳಿಯುತ್ತವೆ, ಗೋಡೆಯುದ್ದಕ್ಕೂ ಟೈಲ್ಸನ್ನು ಓರೆಯಾಗಿ ಕತ್ತರಿಸಬೇಕಾಗುತ್ತದೆ.

ಓರೆಯನ್ನು ಮನೆಯೆಲ್ಲ ಹಂಚದೆ ಒಂದೇ ಕಡೆ ನುಂಗಿಸುವುದು ಜಾಣತನ. ಪ್ಯಾರಿಸ್ಸಿನಲ್ಲಿ 1650ರ ದಶಕದಲ್ಲಿ ಆಂತ್ವಾನ್ ಲ ಪೋತ್ರ್ ರೂಪಿಸಿದ ಒತೆಲ್ ದ ಬೋವೆ ಎಂಬ ಭವನದ ನಿವೇಶನ ಹೇಗೆಂದರೆ ಹಾಗೆ ಸೊಟ್ಟಗಿದ್ದರೂ ಅದರ ಒಳಅಂಗಳ ಎಡಬಲ ಸಮವಾಗಿದೆ. ವಕ್ರತೆಯೆಲ್ಲ ಸುತ್ತಲಿನ ಕಿರುಕೋಣೆಗಳಲ್ಲೂ ಗೋಡೆಗಳ ದಪ್ಪದಲ್ಲೂ ಕರಗಿಹೋಗಿದೆ. ನಕ್ಷೆಯಲ್ಲಿ ಕಪ್ಪು ತುಂಬಿ ತೋರಿಸುವ ಈ ಗಟ್ಟಿ ಭಾಗಕ್ಕೆ ವಾಸ್ತುಶಿಲ್ಪಿಗಳು 'ಪೋಶೆ' ಎನ್ನುತ್ತಾರೆ. 1,200 ಚದರಡಿಯಲ್ಲಿ ಅಷ್ಟು ದಪ್ಪದ ಗೋಡೆಗೆ ಅವಕಾಶವಿಲ್ಲವಾದರೂ, ಒಂದು ತುದಿಯಲ್ಲಿ ಒಂದಡಿ, ಇನ್ನೊಂದು ತುದಿಯಲ್ಲಿ ಎರಡೂವರೆ ಅಡಿ ಆಳವಿರುವ ಗೋಡೆಕಪಾಟು ಅದೇ ಕೆಲಸ ಮಾಡಿ ಕೋಣೆಯನ್ನು ನೇರವಾಗಿಡುತ್ತದೆ. ಮೆಟ್ಟಿಲ ಕೆಳಗಿನ ಜಾಗ, ಬಟ್ಟೆ ಒಗೆಯುವ ಕಟ್ಟೆ, ಬಚ್ಚಲಿಗೆ ಗಾಳಿ ಬೆಳಕು ತರುವ ಕಿಂಡಿಬಾವಿ ಇವೆಲ್ಲ ಓರೆಯನ್ನು ಸಹಿಸುತ್ತವೆ. ಅಡುಗೆಮನೆ ಮಾತ್ರ ಸಹಿಸುವುದಿಲ್ಲ. ಹೊರಗೆ ಉಳಿಯುವ ತ್ರಿಕೋನ ಕರಿಬೇವಿನ ಗಿಡಕ್ಕೂ ಒಂದು ಕಿಟಕಿಗೂ ಸಾಕು.

ನಕ್ಷೆ ಸರಿಯಾಗಿದ್ದೂ ಪಾಯ ಸೊಟ್ಟಗಾಗುವುದುಂಟು, ಏಕೆಂದರೆ ಮೇಸ್ತ್ರಿಗಳು ಸಾಮಾನ್ಯವಾಗಿ ಕಾಂಪೌಂಡನ್ನೇ ಆಧಾರವಾಗಿ ಹಿಡಿದು ದಾರ ಕಟ್ಟುತ್ತಾರೆ. ಓರೆ ನಿವೇಶನದಲ್ಲಿ ಯಾವ ಗೋಡೆ ಮೂಲರೇಖೆ ಎಂಬುದನ್ನು ನಕ್ಷೆಯಲ್ಲೇ ಗುರುತಿಸಿ, ಉಳಿದವನ್ನು 3, 4, 5 ಅಡಿಯ ತ್ರಿಕೋನದ ಲೆಕ್ಕದಿಂದ ಮೂಲೆ ಹಿಡಿದು, ಸುಣ್ಣದ ಗೆರೆ ಎಳೆದ ಮೇಲೆ ಪ್ರತಿ ಕೋಣೆಯ ಎರಡೂ ಕರ್ಣಗಳು ಸಮವಾಗಿವೆಯೇ ಎಂದು ಅಗೆತಕ್ಕೆ ಮೊದಲೇ ನೋಡಬೇಕಾಗುತ್ತದೆ.