ಮೀಸೆ ಮಣ್ಣಾಯ್ತಾ? ಟ್ಯಾಪ್ ಮಾಡಿ

ಎಂಎಂಎ, ಅಂದ್ರೆ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಕ್ಲಾಸಿಗೆ ಸೇರ್ತೀನಿ ಅಂದ ತಕ್ಷಣ ಹಾಸ್ಟೆಲ್‌ನಲ್ಲಿ ಬರೋ ಮೊದಲ ಪ್ರಶ್ನೆ: "ಮೊದಲ ದಿನಾನೇ ಹೊಡೀತಾರಾ ಮಗಾ?" ಇಲ್ಲ. ಸರಿಯಾಗಿ ನಡೆಸೋ ಜಾಗದಲ್ಲಿ ಮೊದಲ ದಿನ ನಿಮ್ಮ ಮುಖಕ್ಕೆ ಒಂದು ಏಟೂ ಬೀಳಬಾರದು. ಆದರೆ ಅವತ್ತೇ ಸೋಲೋದನ್ನ ಕಲಿಸ್ತಾರೆ. ಅದಕ್ಕೊಂದು ಕ್ರಮ ಇದೆ, ಅದರ ಹೆಸರು ಟ್ಯಾಪ್.

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತ ನಮ್ಮಲ್ಲಿ ಗಾದೆ ಇದೆಯಲ್ಲ, ಆ ಬುದ್ಧಿ ಮ್ಯಾಟ್ ಮೇಲೆ ನಡೆಯೋದಿಲ್ಲ. ಕೈಯೋ ಕತ್ತೋ ಸಿಕ್ಕಿಹಾಕಿಕೊಂಡಾಗ ಅಂಗೈಯಿಂದ ಎದುರಿನವರ ಮೈಮೇಲೆ ಎರಡು ಮೂರು ಸಲ ತಟ್ಟಬೇಕು. ಕೈ ಎರಡೂ ಸಿಕ್ಕಿದ್ದರೆ ಕಾಲಲ್ಲಿ ನೆಲಕ್ಕೆ ಬಡಿಯಿರಿ, ಇಲ್ಲಾ ಬಾಯಲ್ಲಿ "ಟ್ಯಾಪ್" ಅಂತ ಕೂಗಿ. ಆ ಕ್ಷಣವೇ ಅವರು ಬಿಡಬೇಕು. ಕೈ ಕುಲುಕಿ ಮತ್ತೆ ಶುರು. ಎದುರಾಳಿ ನಿಜವಾಗಿ ಪ್ರತಿರೋಧ ಒಡ್ಡುತ್ತಿರುವಾಗ ಪಟ್ಟು ಹಾಕಿ ಅಭ್ಯಾಸ ಮಾಡೋದು, ಮಾಡಿದ ಮೇಲೂ ಇಬ್ಬರೂ ಮಾರನೇ ದಿನ ಲ್ಯಾಬಿಗೆ ಹೋಗೋದು, ಈ ಒಂದು ಒಪ್ಪಂದದಿಂದ ಸಾಧ್ಯ ಆಗಿದೆ.

ಈ ಆಟ ಜನರ ಕಣ್ಣಿಗೆ ಬಿದ್ದದ್ದು 1993ರ ನವೆಂಬರ್ 12ರಂದು, ಅಮೆರಿಕದ ಡೆನ್ವರ್‌ನಲ್ಲಿ. ಮೊದಲ ಯುಎಫ್‌ಸಿ ಟೂರ್ನಿ. ಎಂಟು ಜನ, ಒಂದೇ ರಾತ್ರಿ, ತೂಕದ ವಿಭಾಗಗಳೇ ಇಲ್ಲ. ಗೆದ್ದದ್ದು ಬ್ರೆಜಿಲ್‌ನ ರಾಯ್ಸ್ ಗ್ರೇಸಿ. ನೋಡೋಕೆ ದೈತ್ಯನೇನಲ್ಲ, ಸುಮಾರು 80 ಕೆ.ಜಿ.ಯ ತೆಳ್ಳಗಿನ ಆಳು. ಮೂವರನ್ನು ಸೋಲಿಸೋಕೆ ಅವರಿಗೆ ಹಿಡಿದದ್ದು ಒಟ್ಟು ಐದು ನಿಮಿಷಕ್ಕೂ ಕಡಿಮೆ. ಮೊದಲ ಎದುರಾಳಿ ಆರ್ಟ್ ಜಿಮ್ಮರ್ಸನ್ ಬಾಕ್ಸರ್, ಒಂದೇ ಕೈಗೆ ಗ್ಲೋವ್ ಹಾಕಿಕೊಂಡು ಬಂದಿದ್ದರು. ಗ್ರೇಸಿ ಎದೆ ಮೇಲೆ ಹತ್ತಿ ಕೂತ ಮೇಲೆ ಕೈ ತಿರುಚುವ ಮೊದಲೇ, ಕತ್ತು ಒತ್ತುವ ಮೊದಲೇ ಟ್ಯಾಪ್ ಮಾಡಿಬಿಟ್ಟರು. ಅಲ್ಲಿಂದ ಎದ್ದು ಬರೋ ದಾರಿ ಗೊತ್ತಿಲ್ಲದವನಿಗೆ ಬೇರೇನು ಉಳಿದಿತ್ತು? ನನ್ನ ಪ್ರಕಾರ ಅದು ಆ ರಾತ್ರಿಯ ಅತ್ಯಂತ ಬುದ್ಧಿವಂತ ನಿರ್ಧಾರ.

ಗರಡಿಮನೆ ನೋಡಿ ಬೆಳೆದವರಿಗೆ ಇಲ್ಲೊಂದು ಗೊಂದಲ ಆಗತ್ತೆ. ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಚಿತ್, ಆಟ ಮುಗೀತು. ಇಲ್ಲಿ ಬೆನ್ನು ನೆಲಕ್ಕೆ ತಾಗಿದ ಮೇಲೆ ಇನ್ನೊಂದು ಆಟವೇ ಶುರು. ಅಂಗಾತ ಬಿದ್ದು, ಕಾಲುಗಳಿಂದ ಎದುರಾಳಿಯ ಸೊಂಟ ಬಳಸಿ ಹಿಡಿದರೆ ಅದು 'ಗಾರ್ಡ್', ಅಲ್ಲಿಂದಲೂ ಗೆಲ್ಲಬಹುದು. ಹಾಗಾಗಿ ಮೊದಲ ಕ್ಲಾಸಿನ ವಾರ್ಮ್‌ಅಪ್‌ನಲ್ಲೇ ನೆಲದ ಮೇಲೆ ಉರುಳಿಸ್ತಾರೆ. ತಲೆ ಬಡಿಯದಂತೆ ಬೀಳೋದು, ಆಮೇಲೆ 'ಶ್ರಿಂಪಿಂಗ್': ಸೀಗಡಿ ಥರ ಸೊಂಟ ಮಡಿಸಿ ಹಿಂದಕ್ಕೆ ಜಾರೋದು. ಮ್ಯಾಟಿನ ಈ ತುದಿಯಿಂದ ಆ ತುದಿಗೆ ಎರಡು ಸಲ ಹೋಗಿ ಬನ್ನಿ, ಜಿಮ್‌ನಲ್ಲಿ ಬೆಳೆಸಿದ ಬೈಸೆಪ್ಸ್ ಯಾವ ಕೆಲಸಕ್ಕೂ ಬಾರದು ಅಂತ ಗೊತ್ತಾಗತ್ತೆ. ನಿಲ್ಲೋ ಭಂಗಿ, ಜ್ಯಾಬ್, ಕ್ರಾಸ್ ಇವೆಲ್ಲ ಗಾಳಿಗೋ ಪ್ಯಾಡಿಗೋ. ಹೊಸಬರಿಗೆ ಸುಸ್ತಾಗೋದು ಹೊಡೆತದಿಂದ ಅಲ್ಲ, ಉಸಿರು ಹಿಡಿದುಕೊಳ್ಳೋದರಿಂದ. ಬಿಗಿಯಾಗಿ ಹಲ್ಲು ಕಚ್ಚಿ ತಳ್ಳಾಡಿದರೆ ಎರಡು ನಿಮಿಷಕ್ಕೆ ಕಥೆ ಮುಗೀತು. ಪಂದ್ಯದ ಒಂದು ರೌಂಡ್ ಐದು ನಿಮಿಷ ಅನ್ನೋದು ನೆನಪಿರಲಿ.

ಈಗ ಟ್ಯಾಪ್ ಯಾಕೆ ಬೇಗ ಮಾಡ್ಬೇಕು ಅನ್ನೋದಕ್ಕೆ ಬರೋಣ. ಇದು ಫಸ್ಟ್ ಇಯರ್ ಮೆಕ್ಯಾನಿಕ್ಸ್. ಆರ್ಮ್‌ಬಾರ್ ಅನ್ನೋ ಪಟ್ಟಿನಲ್ಲಿ ನಿಮ್ಮ ಮಣಿಕಟ್ಟನ್ನ ಅವರು ಎದೆಗೆ ಒತ್ತಿ ಹಿಡೀತಾರೆ, ಮೊಣಕೈ ಹತ್ತಿರ ಅವರ ಸೊಂಟ ಆನಿಕೆ ಬಿಂದು ಆಗತ್ತೆ. ನಿಮ್ಮ ಬೈಸೆಪ್ಸ್ ಮೂಳೆಗೆ ಅಂಟಿರೋದು ಮೊಣಕೈ ಕೀಲಿನಿಂದ ಸುಮಾರು 4–5 ಸೆಂ.ಮೀ. ದೂರದಲ್ಲಿ. ಅವರು ಎಳೀತಿರೋದು ಸುಮಾರು 25 ಸೆಂ.ಮೀ. ದೂರದಿಂದ. ಮೊಮೆಂಟ್ ಲೆಕ್ಕ ಹಾಕಿ: ಅವರ 10 ಕೆ.ಜಿ. ಎಳೆತಕ್ಕೆ ನಿಮ್ಮ ಸ್ನಾಯು 50 ಕೆ.ಜಿ.ಗೂ ಮಿಕ್ಕಿ ಬಿಗಿಯಬೇಕು. ಸಾಲದ್ದಕ್ಕೆ ಅವರು ಇಡೀ ಬೆನ್ನು, ಸೊಂಟದ ಬಲ ಹಾಕ್ತಾರೆ, ನಿಮ್ಮದು ಒಂದೇ ತೋಳು. ಈ ಸಮೀಕರಣದಲ್ಲಿ ಛಲಕ್ಕೆ ಜಾಗ ಇಲ್ಲ. ಕೀಲು ಹಿಂದಕ್ಕೆ ಮಡಚಿಕೊಳ್ಳೋ ಹಾಗೆ ಡಿಸೈನ್ ಆಗಿಲ್ಲ, ಅಷ್ಟೆ.

ಕತ್ತಿನ ಪಟ್ಟು ಇನ್ನೂ ಮೋಸದ್ದು. ಹಿಂದಿನಿಂದ ತೋಳು ಬಳಸಿ ಹಾಕೋ ಚೋಕ್ ಸರಿಯಾಗಿ ಬಿದ್ದರೆ ಶ್ವಾಸನಾಳಕ್ಕೆ ಒತ್ತಡ ಬೀಳೋದಿಲ್ಲ; ಕತ್ತಿನ ಎರಡೂ ಬದಿಯಲ್ಲಿ ಮೆದುಳಿಗೆ ರಕ್ತ ಒಯ್ಯೋ ಕ್ಯಾರೋಟಿಡ್ ನಾಳಗಳಿಗೆ ಬೀಳತ್ತೆ. ಉಸಿರಾಡ್ತಾನೇ ಇರ್ತೀರಿ, ನೋವು ಅಂಥದ್ದೇನೂ ಇರಲ್ಲ. "ಇನ್ನೊಂಚೂರು ತಡ್ಕೋತೀನಿ" ಅಂದುಕೊಳ್ಳೋ ಹೊತ್ತಿಗೆ, ಹೆಚ್ಚುಕಡಿಮೆ ಹತ್ತು ಸೆಕೆಂಡಲ್ಲಿ, ಪ್ರಜ್ಞೆ ಹೋಗಿರತ್ತೆ. ಹಿಮ್ಮಡಿ ತಿರುಚೋ ಹೀಲ್ ಹುಕ್‌ನಲ್ಲೂ ಇದೇ ಅಪಾಯ. ನೋವು ತಿಳಿಯೋ ಮೊದಲೇ ಮೊಣಕಾಲಿನ ಲಿಗಮೆಂಟ್ ಹರಿದಿರಬಹುದು. ಹೊಸಬರ ಮೇಲೆ ಯಾರೂ ಅದನ್ನ ಹಾಕಬಾರದು. ಯಾರಾದ್ರೂ ಕಾಲು ಹಿಡಿಯೋಕೆ ಬಂದರೆ "ನಾನು ಹೊಸಬ, ಬೇಡ ಅಣ್ಣಾ" ಅನ್ನೋದರಲ್ಲಿ ಯಾವ ಮರ್ಯಾದೆಯೂ ಹೋಗಲ್ಲ.

ಆದ್ದರಿಂದ ಜಿಮ್ ಆರಿಸುವಾಗ ಗೋಡೆ ಮೇಲಿನ ಫೋಟೋಗಳನ್ನ, ಮೆಡಲ್‌ಗಳನ್ನ ನೋಡಬೇಡಿ. ಒಂದು ಸಂಜೆ ಸುಮ್ಮನೆ ಬದಿಯಲ್ಲಿ ಕೂತು, ಯಾರಾದ್ರೂ ಟ್ಯಾಪ್ ಮಾಡಿದಾಗ ಎದುರಿನವರು ಎಷ್ಟು ಬೇಗ ಬಿಡ್ತಾರೆ ಅನ್ನೋದನ್ನ ನೋಡಿ. ಒಂದು ಸೆಕೆಂಡ್ ಹೆಚ್ಚು ಹಿಡಿದವನಿಗೆ ಕೋಚ್ ಗದರಿಸ್ತಾರಾ, ನಕ್ಕು ಸುಮ್ಮನಾಗ್ತಾರಾ? ನಕ್ಕರೆ ಎದ್ದು ಬನ್ನಿ. ಮೊದಲ ವಾರವೇ "ಧೈರ್ಯ ಬರಲಿ" ಅಂತ ತಲೆಗೆ ಹೊಡೆಸೋ ಸ್ಪಾರಿಂಗ್‌ಗೆ ಇಳಿಸಿದರೂ ಅಷ್ಟೆ. ಯಾವತ್ತಾದ್ರೂ ತಲೆಗೆ ಪೆಟ್ಟು ಬಿದ್ದು ತಲೆನೋವು, ವಾಂತಿ, ಮಂಕು ಕಾಣಿಸಿದರೆ ಆ ದಿನದ ಆಟ ಅಲ್ಲಿಗೇ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಿ. ಇಂಟರ್ನಲ್ಸ್ ಬರೆಯೋದೂ ಅದೇ ತಲೆಯಿಂದ.

ಇನ್ನೊಂದು ವಿಷಯ ಯಾರೂ ಮೊದಲೇ ಹೇಳಲ್ಲ: ಗುರುತು ಪರಿಚಯ ಇಲ್ಲದವರು ನಿಮ್ಮ ಎದೆ ಮೇಲೆ ಕೂತಿರ್ತಾರೆ, ಅವರ ಬೆವರು ನಿಮ್ಮ ಮುಖದ ಮೇಲೆ ತೊಟ್ಟಿಕ್ಕತ್ತೆ. ಮುಜುಗರ ಆಗೋದು ಸಹಜ. ಯಾರ ಜೊತೆ ಜೋಡಿ ಆಗ್ಬೇಕು ಅನ್ನೋದು ನಿಮ್ಮ ಆಯ್ಕೆ, ಹುಡುಗಿಯರಾಗಲಿ ಹುಡುಗರಾಗಲಿ ಕೋಚ್‌ಗೆ ನೇರವಾಗಿ ಹೇಳಬಹುದು. ಇದು ಗಂಡಸರದ್ದೇ ಆಟ ಅನ್ನೋ ಸೀನಿಯರ್ ಯಾರಾದ್ರೂ ಇದ್ದರೆ, ಯುಎಫ್‌ಸಿಯಲ್ಲಿ ಪಂದ್ಯ ಗೆದ್ದ ಮೊದಲ ಭಾರತೀಯ ಯಾರು ಅಂತ ಕೇಳಿ. 2024ರ ಜೂನ್‌ನಲ್ಲಿ ಗೆದ್ದ ಪೂಜಾ ತೋಮರ್.

ಹೋಗುವಾಗ ಉಗುರು ಕತ್ತರಿಸಿಕೊಂಡು, ಕಡಗ, ಚೈನು, ಓಲೆ ರೂಮಲ್ಲೇ ಬಿಟ್ಟು ಹೋಗಿ. ಜೇಬಿಲ್ಲದ ಚಡ್ಡಿ ಒಳ್ಳೇದು, ಜೇಬಲ್ಲಿ ಬೆರಳು ಸಿಕ್ಕರೆ ಮುರಿಯತ್ತೆ. ಗ್ಲೋವ್ಸ್ ಸದ್ಯಕ್ಕೆ ಬೇಡ, ಮೌತ್‌ಗಾರ್ಡ್ ಮೊದಲು ತಗೊಳ್ಳಿ. ಬಂದ ತಕ್ಷಣ ಸೋಪು ಹಾಕಿ ಸ್ನಾನ, ಬಟ್ಟೆ ನೇರ ಬಕೆಟ್‌ಗೆ. ಮ್ಯಾಟಿಂದ ಹುಳುಕಡ್ಡಿ ಅಂಟೋದು ಬಲು ಸಾಮಾನ್ಯ, ಅದು ಟವೆಲ್ ಹಂಚಿಕೊಂಡ ರೂಮ್‌ಮೇಟ್‌ಗೂ ಬರತ್ತೆ. ಅವನು ಯಾವ ಕ್ಲಾಸಿಗೂ ಸೇರಿರಲ್ಲ, ಪಾಪ.