ಒಂಟಿ ಸೀನು, ಆರನೇ ತಂತಿ

ಮುಂಬೈ ಹತ್ತಿರದ ಅಂಬರನಾಥಕ್ಕೆ ಹೋದದ್ದು ಶಿವಮಂದಿರ ನೋಡಲು. ಊರಿನಿಂದ ಬಂದಿದ್ದ ನೆಂಟರಿಗೆ 1060ರ ಆ ಗುಡಿ ತೋರಿಸಿ, ಶಿಲಾಹಾರ ಮುಮ್ಮುಣಿಯ ಕಾಲದ ಕಲ್ಲಿನ ಮುಂದೆ ನಿಲ್ಲಿಸಿ ಫೋಟೊ ತೆಗೆದು, ಪಕ್ಕದಲ್ಲೇ ಹರಿಯುವ ವಾಲಧುನಿಯ ವಾಸನೆಗೆ ಮೂಗು ಮುಚ್ಚಿಕೊಂಡು ಹೊರಬೀಳುವಷ್ಟರಲ್ಲಿ ಮಳೆ ಹಿಡಿಯಿತು. ನೆಂಟರನ್ನು ರಿಕ್ಷಾ ಹತ್ತಿಸಿದ್ದಾಯಿತು. ಜಾಗ ಸಾಲದೆ ಉಳಿದ ನಾನು ವಡಾಪಾವ್ ಅಂಗಡಿಯೊಂದರ ಸೂರಿನಡಿ ನಿಂತೆ. ಬಾಣಲೆಯ ಚುರುಚುರು ಸದ್ದಿನ ಮೇಲೆ, ಮಹಡಿಯಿಂದ ಗಿಟಾರು ಕೇಳಿಸಿತು. ಜೇಮ್ಸ್ ಬಾಂಡ್.

ಹಾಡಲ್ಲ, ಆ ತುಣುಕು. ಪರದೆಯ ಮೇಲೆ ಬಿಳಿ ವೃತ್ತ ಸರಿದು, ಸೂಟು ತೊಟ್ಟವನು ನಡೆದು ಬಂದು ಗಕ್ಕನೆ ತಿರುಗಿ ಗುಂಡು ಹಾರಿಸುವಾಗ ಬರುತ್ತದಲ್ಲ, ಅದು. ನುಡಿಸುತ್ತಿದ್ದವರು ಅರ್ಧಕ್ಕೆ ನಿಲ್ಲಿಸಿ ಮತ್ತೆ ಮೊದಲಿಂದ ಶುರು ಮಾಡುತ್ತಿದ್ದರು. ನಾಲ್ಕನೇ ಸಲ ನಿಂತಾಗ ತಡೆಯಲಾಗಲಿಲ್ಲ, ಮೆಟ್ಟಿಲು ಹತ್ತಿದೆ.

ಹತ್ತಡಿ ಅಗಲದ ಕೋಣೆ. ಗೋಡೆಗೆ ನೇತುಬಿದ್ದ ಮೂರು ಗಿಟಾರುಗಳು. ಮಳೆಗಾಲದ ತೇವಕ್ಕೆ ತಂತಿ ತುಕ್ಕು ಹಿಡಿಯದಿರಲೆಂದು ಮೂರಕ್ಕೂ ಹಳೆಯ ಪಂಚೆ ಸುತ್ತಿತ್ತು. ನಾಲ್ಕನೆಯದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವರಿಗೆ ಎಪ್ಪತ್ತರ ಆಸುಪಾಸು. ಕೈಯಲ್ಲಿ ಅವಧಿ ಮುಗಿದ ಎಟಿಎಂ ಕಾರ್ಡನ್ನು ಎಲೆಯಾಕಾರಕ್ಕೆ ಕತ್ತರಿಸಿ ಮಾಡಿಕೊಂಡ ಪ್ಲೆಕ್ಟ್ರಮ್ಮು. ಅದೇ ಹೊತ್ತಿಗೆ ನನ್ನ ಫೋನು ಬಡಿದುಕೊಂಡಿತು, ನೆಂಟರ ಜೊತೆ ಕನ್ನಡದಲ್ಲಿ ಆಡಿದ ಎರಡು ಮಾತೇ ಪರಿಚಯಕ್ಕೆ ಸಾಕಾಯಿತು. "ಊರ್ ಎಲ್ಲ್ ಆಯ್ತ್ ನಿಮ್ದ್?" ಕುಂದಾಪುರ ಕಡೆಯವರು. ಇಲ್ಲಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಗಣೇಶೋತ್ಸವ ಬಂತೆಂದರೆ ಆರ್ಕೆಸ್ಟ್ರಾ ಕಟ್ಟಿಕೊಂಡು ಕಲ್ಯಾಣ, ಉಲ್ಹಾಸನಗರ, ಬದಲಾಪುರ ಸುತ್ತಿದವರು. ಹೆಸರು ಹಾಕಬೇಡಿ ಎಂದರು, ಹಾಕಿಲ್ಲ.

ಗಿಟಾರಿನ ಬುಡದಲ್ಲಿ, ತಂತಿಗಳ ಕೆಳಗೆ, ಪಾತ್ರೆ ತಿಕ್ಕುವ ಸ್ಪಂಜಿನ ತುಂಡೊಂದು ತುರುಕಿತ್ತು. ಯಾಕೆಂದು ಕೇಳಿದೆ. ಅದನ್ನು ಕಿತ್ತು ಅದೇ ಸ್ವರಗಳನ್ನು ನುಡಿಸಿದರು. ನಾದ ಉದ್ದಕ್ಕೆ ಎಳೆದು ಒಂದರ ಮೇಲೊಂದು ಬಿದ್ದು ಭಜನೆಯಾಯಿತು. ಮತ್ತೆ ತುರುಕಿದರು. ಟಕ್, ಟಕ್, ಟಕ್. ಬಾಂಡ್ ವಾಪಸು ಬಂದ.

ಇಷ್ಟೇ ಆಗಿದ್ದರೆ ಮಳೆ ನಿಂತ ಮೇಲೆ ಇಳಿದು ಬರುತ್ತಿದ್ದೆ. ಆದರೆ ಅವರು ಮಂಚದಡಿಯಿಂದ ಒಂದು ಲೆಡ್ಜರು ಎಳೆದರು. ಕಾರ್ಖಾನೆಯಲ್ಲಿ ರದ್ದಿಗೆ ಹೋಗಲಿದ್ದದ್ದು. ಬಟ್ಟೆಯ ಬೆನ್ನು, ಕೆಂಪು ಗೆರೆಯ ಅಂಕಣಗಳು. ಯಂತ್ರದ ನಂಬರು, ದೋಷ, ರಿಪೇರಿ ಇರಬೇಕಾದಲ್ಲೆಲ್ಲ ಕನ್ನಡ ಅಕ್ಷರದಲ್ಲಿ ಸ್ವರಗಳು. ಸಿನಿಮಾದ, ಟೀವಿಯ ಗಿಟಾರು ತುಣುಕುಗಳು, ಕಿವಿಯಿಂದ ಕೇಳಿ ಬರೆದುಕೊಂಡದ್ದು. ಬಾಂಡನ ಪುಟದಲ್ಲಿ 'ಸ ರಿ ರಿ ರಿ ರಿ ಸ ಸ ಸ', ಮುಂದೆ ಕೆಳಗೆರೆ ಎಳೆದ ಕೋಮಲ ಗಾಂಧಾರ. ಅದರಡಿ ಹಿಮ್ಮೇಳ: ಪಂಚಮ, ಕೋಮಲ ಧೈವತ, ಶುದ್ಧ ಧೈವತ, ಮತ್ತೆ ಕೋಮಲ. ಎರಡು ಧೈವತಗಳನ್ನು ಹೀಗೆ ಬೆನ್ನುಬೆನ್ನಿಗೆ ಹಚ್ಚಿದರೆ ಧಾರವಾಡದ ಗುರುಗಳು ಎದ್ದು ಹೋದಾರು. ಕೊಲೆಗಾರನೊಬ್ಬ ಬಾಗಿಲ ಹಿಂದೆ ನಿಂತಿದ್ದಾನೆ ಎಂಬ ಭಾವ ಹುಟ್ಟುವುದು ಅಲ್ಲಿಂದಲೇ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಪುಟಗಳ ತಲೆಬರಹ. ಚಿತ್ರದ ಹೆಸರಿಲ್ಲ, ಸಂಗೀತ ನಿರ್ದೇಶಕರ ಹೆಸರಿಲ್ಲ. 'ವಿಕ್ ಫ್ಲಿಕ್' ಎಂದಿತ್ತು. ಮುಂದಿನದರಲ್ಲಿ 'ಗೋರಖ್ ಶರ್ಮಾ'. ಆಮೇಲೆ 'ಆರ್. ಚಂದ್ರಶೇಖರ್', 'ಭೂಪಿಂದರ್ ಸಿಂಗ್'. ಇವರೆಲ್ಲ ನುಡಿಸಿದವರು. ಭೂಪಿಂದರ್ ಎಂದರೆ ನಮಗೆ ಗಜಲಿನ ಗಂಟಲು. 'ದಮ್ ಮಾರೋ ದಮ್'ನ ಗಿಟಾರಿನ ಬೆರಳೂ ಅವರದೇ ಎಂಬುದು ಎಷ್ಟು ಜನರಿಗೆ ನೆನಪಿದೆ?

"ಕಂಪ್ನಿ ಹೆಸ್ರ್ ಗೇಟಿನ್ ಬೋರ್ಡಲ್ಲಿ ಇರತ್ತ್ ಮಾರಾಯ್ರೆ. ಲಾಗ್ ಬುಕ್ಕಲ್ಲಿ ಆಪರೇಟರ್ ಹೆಸ್ರೇ ಬರಿಕ್" ಎಂದರು.

ಹೊರಡಲೆಂದು ಎದ್ದೆ. ನೆನೆದ ತಲೆ, ಒಂದು ಸೀನು ಬಂತು. ಒಂದೇ. "ಒಂಟಿ ಸೀನ್ ಸೀನಿ ಹೊರಡೂಕಾಗ, ಕೂಕಣಿ" ಎಂದು ಚೆಂಬಿನಲ್ಲಿ ನೀರು ಕೊಟ್ಟರು. ನಕ್ಕು ಹೇಳಿದರು: ಈ ಬಾಂಡ್ ಹುಟ್ಟಿದ್ದೂ ಸೀನಿನಿಂದಲೇ.

ತಮಾಷೆ ಎಂದುಕೊಂಡೆ. ಮನೆಗೆ ಬಂದು ಹುಡುಕುತ್ತ ಕೂತರೆ ಅಕ್ಷರಶಃ ನಿಜ. ಬಾಂಡ್ ಸಂಗೀತದ ಕರ್ತೃ ಮಾಂಟಿ ನಾರ್ಮನ್, ಅದಕ್ಕೂ ಮೊದಲು ವಿ.ಎಸ್. ನೈಪಾಲರ 1961ರ ಕಾದಂಬರಿ 'ಎ ಹೌಸ್ ಫಾರ್ ಮಿಸ್ಟರ್ ಬಿಸ್ವಾಸ್' ಇಟ್ಟುಕೊಂಡು ಸಂಗೀತ ನಾಟಕ ಕಟ್ಟಲು ಹೊರಟಿದ್ದರು. ಟ್ರಿನಿಡಾಡಿಗೆ ಕಬ್ಬಿನ ಕೂಲಿಗಳಾಗಿ ಹೋದ ಭಾರತೀಯರ ಕುಟುಂಬದ ಕತೆ. ಹುಟ್ಟುವಾಗಲೇ ಆರು ಬೆರಳಿದ್ದ ಮಗುವನ್ನು ನೋಡಿ ಪಂಡಿತ ಹೇಳುವ ಭವಿಷ್ಯಗಳಲ್ಲಿ ಒಂದು: ಇವನ ಸೀನು ಅಪಶಕುನ. (ಆರು ಬೆರಳು! ಗಿಟಾರು ಕಲಿಯುವ ಯಾರನ್ನಾದರೂ ಕೇಳಿ, ವರವೆಂದಾರು.) ಆ ನಾಟಕಕ್ಕಾಗಿ ನಾರ್ಮನ್ ಬರೆದಿದ್ದ ಹಾಡಿನಲ್ಲಿ, ಕೆಟ್ಟ ಸೀನನ್ನು ಹೊತ್ತು ಹುಟ್ಟಿದ ಭಾರತೀಯನೊಬ್ಬ ತನ್ನ ಗೋಳು ತೋಡಿಕೊಳ್ಳುತ್ತಾನೆ. ನಾಟಕ ಕೈಬಿಟ್ಟು ಹೋಯಿತು. 1962ರಲ್ಲಿ 'ಡಾಕ್ಟರ್ ನೋ' ಚಿತ್ರಕ್ಕೆ ಸಂಗೀತ ಬೇಕೆಂದಾಗ ನಾರ್ಮನ್ ಮೂಲೆಯಲ್ಲಿದ್ದ ಸೀನಿನ ಹಾಡನ್ನೇ ಎತ್ತಿ, ಉದ್ದ ಸ್ವರಗಳನ್ನು ಕತ್ತರಿಸಿ ಗಿಟಾರಿಗೆ ಕೊಟ್ಟರು. ಮುಂದೊಮ್ಮೆ ಆ ಮೂಲ ಹಾಡನ್ನು ತಾವೇ ಹಾಡಿ ಮುದ್ರಿಸಿದರು. ನಾನು ಅದನ್ನು ಹತ್ತಾರು ಸಲ ಕೇಳಿರಬಹುದು. ಮನೆಯವರು ಬೇಸತ್ತಿದ್ದಾರೆ. ಒಮ್ಮೆ ಕೇಳಿದ ಮೇಲೆ ಬಾಂಡ್ ಪಿಸ್ತೂಲು ತಿರುಗಿಸುವಾಗೆಲ್ಲ, ಪ್ರಯಾಣಕ್ಕೆ ಹೊರಟ ಅಪ್ಪನ ಎದುರು ಸೀನಿಬಿಟ್ಟ ಹುಡುಗನ ಅಳುಮೋರೆ ಕಾಣುತ್ತದೆ. ಪರಮ ಪಾಶ್ಚಾತ್ಯನೆಂದು ನಾವು ನಂಬಿದವನ ಗುರುತಿನ ರಾಗದಲ್ಲಿ ನಮ್ಮ ಅಜ್ಜಿಯಂದಿರ ಶಕುನ ಕೂತಿದೆ ಎಂಬುದರಲ್ಲಿ ನನಗೆ ಸಣ್ಣ ಸೇಡಿನ ಸುಖವೂ ಇದೆ, ಮುಚ್ಚಿಡುವುದಿಲ್ಲ.

ರಾಗ ಯಾರದೆಂಬ ಜಗಳ ಲಂಡನ್ನಿನ ಕೋರ್ಟು ಹತ್ತಿತ್ತು. ವಾದ್ಯಗಳನ್ನು ಹೊಂದಿಸಿದ ಜಾನ್ ಬ್ಯಾರಿಯೇ ನಿಜವಾದ ಕರ್ತೃ ಎಂಬರ್ಥದಲ್ಲಿ ಬರೆದ 'ಸಂಡೇ ಟೈಮ್ಸ್' ಮೇಲೆ ನಾರ್ಮನ್ ಹೂಡಿದ ಮೊಕದ್ದಮೆ 2001ರಲ್ಲಿ ಅವರ ಪರವಾಗಿ ಮುಗಿದು 30,000 ಪೌಂಡ್ ಪರಿಹಾರ ಸಿಕ್ಕಿತು. ನಾರ್ಮನ್ನೋ ಬ್ಯಾರಿಯೋ ಎಂದು ಇಡೀ ಜಗತ್ತು ಬಡಿದಾಡಿತು. ಕೆಳತಂತಿಯ ಮೇಲೆ ಆ ಸ್ವರಗಳನ್ನು ಗಡುಸಾಗಿ ಮೀಟಿದ ವಿಕ್ ಫ್ಲಿಕ್ 2024ರಲ್ಲಿ ತೀರಿಕೊಂಡರು. ನಾನು ಆ ಹೆಸರು ಮೊದಲು ನೋಡಿದ್ದು ಅಂಬರನಾಥದ ಲೆಡ್ಜರಿನಲ್ಲಿ.

ಚಂದ್ರಶೇಖರ್ ಪುಟದ ಕತೆ ಇನ್ನೂ ಹತ್ತಿರದ್ದು. ಇಲ್ಲಿ ಗಿಟಾರು ಹಿಡಿದ ಪ್ರತಿ ಹುಡುಗನೂ ಮೊದಲು ಕೇಳುವುದು 'ನೀಲೆ ನೀಲೆ ಅಂಬರ್ ಪರ್'. ಅಂಬರನಾಥದಲ್ಲಿ ಅದಕ್ಕೆ ನಾಡಗೀತೆಯ ಸ್ಥಾನ, ಊರಿನ ಹೆಸರೇ ಹಾಡಿನಲ್ಲಿದೆಯಲ್ಲ ಎಂಬ ಹಳಸಲು ನಗೆಚಾಟಿಕೆ ಬೇರೆ. 1983ರ 'ಕಲಾಕಾರ್' ಚಿತ್ರದ್ದು, ಸಂಗೀತ ಕಲ್ಯಾಣ್‌ಜಿ ಆನಂದ್‌ಜಿ. ಮೂಲ ಮಾತ್ರ ಹಿಂದಿನ ವರ್ಷದ ತಮಿಳು ಚಿತ್ರ 'ಪಯಣಂಗಳ್ ಮುಡಿವದಿಲ್ಲೈ'ನಲ್ಲಿ ಇಳಯರಾಜ ಮಾಡಿದ 'ಇಳಯ ನಿಲಾ'. ಅದರ ಗಿಟಾರು ಚಂದ್ರಶೇಖರ್ ಅವರದು. ಇಳಯರಾಜರೂ ಮೊದಲು ಗಿಟಾರಿನವರೇ, ನಮ್ಮ ಜಿ.ಕೆ. ವೆಂಕಟೇಶರ ಬಳಿ ನುಡಿಸುತ್ತ, ಸಹಾಯಕರಾಗಿ ದುಡಿಯುತ್ತ ಪಳಗಿದವರು. ಮುಂಬೈಯ ಹುಡುಗರು ಹಿಂದಿ ಎಂದುಕೊಂಡು ಮೀಟುವ ರಾಗದ ಬೇರು ಚೆನ್ನೈಯಲ್ಲಿ ಕನ್ನಡ ಹಾಡುಗಳು ಮುದ್ರಣವಾಗುತ್ತಿದ್ದ ಕೋಣೆಗಳವರೆಗೂ ಹೋಗುತ್ತದೆ ಎಂದರೆ ಫಿಟ್ಟರ್ ಮಾಮನಿಗೆ ನನಗಿಂತ ಹೆಚ್ಚು ಹೆಮ್ಮೆ.

ಗೋರಖ್ ಶರ್ಮಾ, ಲಕ್ಷ್ಮೀಕಾಂತ್–ಪ್ಯಾರೇಲಾಲ್ ಜೋಡಿಯ ಪ್ಯಾರೇಲಾಲರ ತಮ್ಮ. 1980ರ 'ಕರ್ಜ್'ನಲ್ಲಿ ಅವರ ಗಿಟಾರಿಗೆ ಪಾತ್ರವೇ ಇದೆ. ರಿಷಿ ಕಪೂರ್ ಆ ತುಣುಕು ನುಡಿಸುತ್ತಿದ್ದಂತೆ ಹಿಂದಿನ ಜನ್ಮದ ಕೊಲೆ ಕಣ್ಣೆದುರು ಮಿಂಚುತ್ತದೆ. ಪುನರ್ಜನ್ಮ ನಂಬದ ನಾನು ಆ ಗಿಟಾರು ಮುಗಿಯುವವರೆಗೆ ನಂಬುತ್ತೇನೆ. ಅಮೆರಿಕದ ಜಾರ್ಜ್ ಬೆನ್ಸನ್‌ರ ನೆರಳು ಅದರ ಮೇಲಿರುವುದು ಕೇಳಿದವರಿಗೆ ಗೊತ್ತು, ಅದಕ್ಕೆ ನನ್ನ ತಕರಾರಿಲ್ಲ. ಕನ್ನಡಕ್ಕೆ ಇದೇ ಕತೆ 1989ರಲ್ಲಿ ರವಿಚಂದ್ರನ್‌ರ 'ಯುಗಪುರುಷ'ವಾಗಿ ಬಂತು. ಒಂದು ಕಾಕತಾಳೀಯ: 'ಕರ್ಜ್' ನಾಯಕನ ಹೆಸರು ಮಾಂಟಿ. ಬಾಂಡ್ ಸಂಗೀತದವರೂ ಮಾಂಟಿ. ಇದರಲ್ಲಿ ಅರ್ಥವೇನೂ ಇಲ್ಲ, ಆದರೆ ಆಮೇಲೊಮ್ಮೆ ಲೋಕಲಿನಲ್ಲಿ ಕಲ್ಯಾಣದವರೆಗೆ ಅದನ್ನೇ ಯೋಚಿಸುತ್ತಿದ್ದೆ.

ಹಾಡು ಮರೆತರೂ ಇಂಥ ತುಣುಕು ಉಳಿಯುವುದೇಕೆ? ಪಿಟೀಲು ಸ್ವರವನ್ನು ಎಳೆದು ಮುಂದಿನದಕ್ಕೆ ಅಂಟಿಸುತ್ತದೆ. ಗಿಟಾರಿನ ಸ್ವರ ಹುಟ್ಟಿದ ಕ್ಷಣದಿಂದಲೇ ಸಾಯತೊಡಗುತ್ತದೆ. ನಡುವಿನ ಖಾಲಿಯನ್ನು ಕೇಳುಗನೇ ತುಂಬಬೇಕು. ತುಂಬಿದ್ದು ಮರೆಯುವುದಿಲ್ಲ. ಜೊತೆಗೆ ಹಳೆಯ ಟೀವಿಗಳ ಅಂಗೈಯಗಲದ ಸ್ಪೀಕರಿನಲ್ಲೂ ಮೀಟಿದ ತಂತಿ ಸ್ಪಷ್ಟ ಕೇಳುತ್ತಿತ್ತು, ಅಡುಗೆಮನೆಯವರೆಗೂ. ಇದು ನನ್ನ ಸಿದ್ಧಾಂತ. ಸೀನಿದ ಮೇಲೆ ಮತ್ತೆ ಕೂತಾಗ ಹೇಳಿದರೆ ಮಾಮ ಒಪ್ಪಲಿಲ್ಲ. ಒಂದೇ ತಂತಿಯ ಮೇಲೆ ದಡ್ಡನೂ ಕಲಿಯಬಹುದು, ಅದಕ್ಕೇ ಉಳಿದಿದೆ ಎಂದರು. ಲೆಡ್ಜರಿನಲ್ಲಿದ್ದ 'ಮಾಲ್ಗುಡಿ ಡೇಸ್' ಪುಟ ನನ್ನ ವಾದಕ್ಕೆ ಕಲ್ಲು ಹಾಕಿತು. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದ, 1986ರ ಆ ಧಾರಾವಾಹಿಗೆ ಎಲ್. ವೈದ್ಯನಾಥನ್ ಕೊಟ್ಟ ರಾಗದಲ್ಲಿ ನೆನಪಿಗೆ ನಿಂತದ್ದು ಮನುಷ್ಯರ ಗುನುಗು, ಗಿಟಾರಲ್ಲ. ಆದರೂ ಕಲಿಯಲು ಬರುವ ಕನ್ನಡದ ಮಕ್ಕಳ ಅಪ್ಪಂದಿರು ಕೇಳುವುದು ಅದನ್ನೇ. ತಲೆಬರಹದಲ್ಲಿ ಆಪರೇಟರ್ ಹೆಸರಿರಬೇಕಾದ ಕಡೆ ಮಾಮ 'ಗಂಟ್ಲ್' ಎಂದು ಬರೆದಿದ್ದರು.

ಅಷ್ಟರಲ್ಲಿ ಹನ್ನೆರಡರ ಹುಡುಗನೊಬ್ಬ ಕೊಡೆ ಕೊಡವುತ್ತ ಬಂದ. ಅವನಿಗೆ ಬಾಂಡ್ ಬೇಡ, ಕರ್ಜ್ ಬೇಡ. ಫೋನು ತೆಗೆದು 'ದ ಲಾಸ್ಟ್ ಆಫ್ ಅಸ್' ಹಾಕಿದ. ಮೊದಲು ವಿಡಿಯೊ ಗೇಮ್ ಆಗಿದ್ದು 2023ರಲ್ಲಿ ಟೀವಿ ಸರಣಿಯಾದದ್ದು. ಅರ್ಜೆಂಟೀನಾದ ಗುಸ್ತಾವೊ ಸಾಂತಾವೊಲಾಯ ತಾವೇ ಮಾಡಿ ತಾವೇ ನುಡಿಸಿದ ತಂತಿ. ಎರಡು ಆಸ್ಕರ್ ಗೆದ್ದ ಈ ಮನುಷ್ಯನಿಗೆ ನೊಟೇಶನ್ ಓದಲು ಬರುವುದಿಲ್ಲ ಎಂದು ನಾನು ಹೇಳಿದಾಗ ಮಾಮನ ಮುಖ ಅರಳಿತು. ಕಂಪ್ನಿಯೂ ಅವರೇ, ಆಪರೇಟರೂ ಅವರೇ. ಹೆಸರನ್ನು ಹುಡುಗನಿಂದ ಮೂರು ಸಲ ಹೇಳಿಸಿಕೊಂಡು, ನಾಲಿಗೆ ಕಚ್ಚಿ ಹಿಡಿದು ಕನ್ನಡದಲ್ಲಿ ಬರೆದುಕೊಂಡರು.

ನಾನು ಎದ್ದಾಗ ಕೊನೆಯ ಪುಟವೊಂದನ್ನು ತೆರೆದು ತೋರಿಸಿದರು. 'ಸಿ.ಐ.ಡಿ. 999'. 1968ರ 'ಜೇಡರ ಬಲೆ'ಯಿಂದ ಶುರುವಾದ, ದೊರೈ–ಭಗವಾನ್ ನಿರ್ದೇಶನದ, ರಾಜ್‌ಕುಮಾರ್ ಅವರ ಬಾಂಡ್ ಸರಣಿ. ಸಂಗೀತ ಅದೇ ಜಿ.ಕೆ. ವೆಂಕಟೇಶ್. ಪೆನ್ಸಿಲಿನಲ್ಲಿ ಒಂದೂವರೆ ಸಾಲು ಸ್ವರ, ಎರಡು ಕಡೆ ಒರೆಸಿ ತಿದ್ದಿದ ಗುರುತು. ತಲೆಬರಹದ ಜಾಗ ಖಾಲಿ.

"ಬೆಂಗ್ಳೂರಲ್ಲಿ ಹಳಬ್ರ್ ಯಾರಾರೂ ಇದ್ರೆ ಕೇಣಿ" ಎಂದರು. "ಪೆನ್ನಲ್ಲಿ ಬರಿತೆ."