ಬಂಬೂ ಬಜಾರಿನ ಬಿದಿರು, ಹೊಳೆಯ ಗಾಳ

ಮೈಸೂರು ಅರಮನೆಯಿಂದ ಹೊರಟ ಜಂಬೂಸವಾರಿ ಬನ್ನಿಮಂಟಪ ಸೇರುವ ಮುನ್ನ ಬಂಬೂ ಬಜಾರನ್ನು ಹಾದುಹೋಗುತ್ತದೆ. ಆ ದಿನ ಎಲ್ಲರ ಕಣ್ಣು ಅಂಬಾರಿಯ ಮೇಲೆ. ವರ್ಷದ ಉಳಿದ ದಿನಗಳಲ್ಲಿ ಇಲ್ಲಿಗೆ ಬರುವವರು ಏಣಿ, ತಟ್ಟಿ, ಮಂಕರಿ, ಮೊರ, ಚಪ್ಪರದ ಗಳು ಕೇಳಿಕೊಂಡು ಬರುತ್ತಾರೆ. ಗಾಳದ ಕೋಲು ಕೇಳಿಕೊಂಡು ಬರುವವರು ಅಪರೂಪ. ಆದರೆ ಜಗತ್ತಿನ ಶ್ರೀಮಂತ ಹವ್ಯಾಸಗಳಲ್ಲಿ ಒಂದೆನಿಸಿಕೊಂಡ ಫ್ಲೈ ಫಿಶಿಂಗ್‌ಗೆ ಬೇಕಾದ ಸಾಮಗ್ರಿಯಲ್ಲಿ ಬಹಳಷ್ಟು ನಮ್ಮ ನೆಲದಲ್ಲೇ ಸಿಗುತ್ತದೆ. ಇಲ್ಲಿನ ಬಿದಿರಿನಿಂದಲೇ ಅದನ್ನು ಕಲಿಯಲು ಶುರುಮಾಡಬಹುದು.

ಸಾಮಾನ್ಯ ಗಾಳದಲ್ಲಿ ಸೀಸದ ಗುಂಡಿನ ಭಾರ ದಾರವನ್ನು ದೂರಕ್ಕೆ ಒಯ್ಯುತ್ತದೆ. ಫ್ಲೈ ಫಿಶಿಂಗ್‌ನಲ್ಲಿ ಗುಂಡೇ ಇಲ್ಲ. ತುದಿಯಲ್ಲಿರುವುದು ಗರಿ ಸುತ್ತಿದ ಒಂದು ಕೊಕ್ಕೆ, ತೂಕವೇ ಇಲ್ಲದ ಕೃತಕ ನೊಣ. ಆದ್ದರಿಂದ ಭಾರವನ್ನು ದಾರಕ್ಕೇ ಕೊಡುತ್ತಾರೆ. ಕೋಲು ಬಾಗಿ ನೆಟ್ಟಗಾಗುವಾಗ ದಾರ ಗಾಳಿಯಲ್ಲಿ ಸುರುಳಿ ಬಿಚ್ಚಿಕೊಳ್ಳುತ್ತ ಹೋಗಿ ನೊಣವನ್ನು ನೀರಿನ ಮೇಲೆ ಹಗುರವಾಗಿ ಇಳಿಸುತ್ತದೆ. ಹೀಗಾಗಿ ಇಲ್ಲಿ ಎಲ್ಲವೂ ಕೋಲಿನ ಬಾಗುವ ಗುಣದ ಮೇಲೆ ನಿಂತಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕ ಮತ್ತು ಇಂಗ್ಲೆಂಡಿನ ಕುಶಲಕರ್ಮಿಗಳು ಈ ಗುಣವನ್ನು ಕಂಡುಕೊಂಡದ್ದು ಭಾರತದ ಬಿದಿರಿನಲ್ಲಿ. ‘ಕಲ್ಕತ್ತಾ ಕೇನ್’ ಎಂಬ ಹೆಸರಿನಲ್ಲಿ ಅದು ಹಡಗು ಹತ್ತುತ್ತಿತ್ತು. ಚೀನಾದ ಟಾಂಕಿನ್ ಬಿದಿರು ಅದರ ಜಾಗ ಹಿಡಿದದ್ದು ಆಮೇಲೆ. ಗಳುವನ್ನು ಉದ್ದಕ್ಕೆ ಸೀಳಿ, ಆರು ದಬ್ಬೆ ಆರಿಸಿ, ಒಂದೊಂದನ್ನೂ 60 ಡಿಗ್ರಿ ಕೋನದ ತ್ರಿಕೋನವಾಗಿ ಉಜ್ಜುಗೊರಡು ಹೊಡೆದು, ತುದಿಯತ್ತ ಸಣ್ಣಗೆ ಮಾಡುತ್ತ ಬಂದು, ಆರನ್ನೂ ಅಂಟಿಸಿದರೆ ಷಟ್ಕೋನದ ಕೋಲು ಸಿದ್ಧ. ಬಿದಿರಿನ ಬಲವೆಲ್ಲ ಹೊರಸಿಪ್ಪೆಯ ನಾರಿನಲ್ಲಿರುವುದರಿಂದ ಆ ಮೈಯನ್ನು ಮಾತ್ರ ಕೆರೆಯುವುದಿಲ್ಲ. ಗೆಣ್ಣುಗಳು ಒಂದೇ ಕಡೆ ಸೇರಿದರೆ ಕೋಲು ಅಲ್ಲೇ ಮುರಿಯುತ್ತದೆ. ಅವನ್ನು ಹಿಂದುಮುಂದಾಗಿ ಜೋಡಿಸಬೇಕು.

ನಮ್ಮ ಮೇದಾರರಿಗೆ ಈ ಬಿದಿರಿನ ಜ್ಞಾನದಲ್ಲಿ ಯಾವುದೂ ಹೊಸದಲ್ಲ. ದಬ್ಬೆಯನ್ನು ನಾರಿನ ಜಾಡಿನಲ್ಲೇ ಸೀಳುವುದು, ಸೊಟ್ಟಗಿರುವ ಗೆಣ್ಣನ್ನು ಬೆಂಕಿಗೆ ಹಿಡಿದು ನೆಟ್ಟಗೆ ಮಾಡುವುದು, ಎಳೆಯ ಬಿದಿರಿಗೆ ಕುಟ್ಟೆ ಹುಳ ಬೇಗ ಹತ್ತುತ್ತದೆಂದು ಬಲಿತದ್ದನ್ನೇ ಆರಿಸುವುದು ಅವರ ನಿತ್ಯದ ಕೆಲಸ. ಈ ಕೈಗಳಿಗೆ ಬುಟ್ಟಿಯ ಬೆಲೆ ಮಾತ್ರ ಸಿಗುತ್ತಿದೆಯಲ್ಲ ಎಂಬುದು ನನ್ನ ದುಃಖ.

ನೊಣದ ಕಥೆಯೂ ಹೀಗೆಯೇ. ದಕ್ಷಿಣ ಭಾರತದ ಕಾಡುಕೋಳಿಯ ಕತ್ತಿನ ಗರಿಗಳಿಗೆ ಮೇಣ ಹಚ್ಚಿದಂಥ ಹೊಳಪಿನ ಚುಕ್ಕೆಗಳಿವೆ. ಬ್ರಿಟನ್ನಿನ ನೊಣ ಕಟ್ಟುವವರು ಅವಕ್ಕೆ ಮುಗಿಬೀಳುತ್ತಿದ್ದರು. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ 1972ರ ನಂತರ ಆ ಹಕ್ಕಿಯನ್ನು ಮುಟ್ಟುವಂತಿಲ್ಲ, ಮುಟ್ಟಲೂಬಾರದು. ನಾಟಿ ಹುಂಜದ ಕತ್ತಿನ ಗರಿ ಧಾರಾಳ ಸಾಕು. ಕೊಕ್ಕೆಯನ್ನು ಇಕ್ಕಳದಲ್ಲಿ ಬಿಗಿದು, ಜೇನುಮೇಣ ಸವರಿದ ರೇಷ್ಮೆ ದಾರವನ್ನು ಹಿಂಬದಿಯವರೆಗೆ ಒತ್ತಾಗಿ ಸುತ್ತಬೇಕು. ಅಲ್ಲಿ ಗರಿಯ ಮೂರ್ನಾಲ್ಕು ಎಳೆ ಬಾಲವಾಗಿ ಕೂರುತ್ತವೆ. ಮೈಗೆ ಕಂದು ಉಣ್ಣೆಯ ನೂಲು. ಕೊನೆಗೆ ಒಂದು ಕತ್ತಿನ ಗರಿಯನ್ನು ದಂಟಿನ ಸಮೇತ ಕೊಕ್ಕೆಯ ಕಣ್ಣಿನ ಹಿಂದೆ ಎರಡು ಮೂರು ಸುತ್ತು ತಂದರೆ ಎಳೆಗಳು ಕಾಲುಗಳಂತೆ ಸುತ್ತಲೂ ಕೆದರಿ ನಿಲ್ಲುತ್ತವೆ. ಗಂಟು ಹಾಕಿ ಒಂದು ಹನಿ ವಾರ್ನಿಶ್ ಬಿಟ್ಟರೆ ಮುಗಿಯಿತು. ನೈಲಾನ್ ಬರುವ ಮೊದಲು ಎಸೆಯುವ ದಾರವೂ ಹೆಣೆದ ರೇಷ್ಮೆಯದೇ ಆಗಿತ್ತು; ಅಗಸೆ ಎಣ್ಣೆ ಕುಡಿಸಿ ಒಣಗಿಸುತ್ತಿದ್ದರು. ನೊಣಕ್ಕೂ ದಾರಕ್ಕೂ ನಡುವಿನ ಕಾಣದಂಥ ತಂತುವನ್ನು ರೇಷ್ಮೆಹುಳುವಿನ ಗ್ರಂಥಿಯಿಂದ ಎಳೆಯುತ್ತಿದ್ದರು.

ಇವೆಲ್ಲ ತಿರುಗಿ ನಮ್ಮ ಹೊಳೆಗೆ ಬಂದದ್ದು ಇಂಗ್ಲಿಷ್ ಅಧಿಕಾರಿಗಳ ಜೊತೆ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಎಚ್.ಎಸ್. ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಟ್ರೌಟ್ ಮೀನಿಗೆ ತಣ್ಣೀರೇ ಬೇಕು, ಹಾಗಾಗಿ ಅದು ಮೈಸೂರಿಗೆ ಬರಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಎಚ್.ಸಿ. ವಿಲ್ಸನ್ ಅದನ್ನು ನೀಲಗಿರಿಯ ತೊರೆಗಳಲ್ಲಿ ನೆಲೆಗೊಳಿಸಿದರು. ಮೈಸೂರಿನವರಿಗೆ ಒಲಿದದ್ದು ಬಿಳಿಮೀನು, ಅಂದರೆ ಮಹಶೀರ್. ಪ್ರಾಣಿಗಳ ಚರ್ಮಪ್ರಸಾಧನಕ್ಕೆ ಹೆಸರಾಗಿದ್ದ ಇಲ್ಲಿನ ವ್ಯಾನ್ ಇಂಗೆನ್ ಕುಟುಂಬದ ಡಿ ವೆಟ್ 1946ರ ಮಾರ್ಚ್‌ನಲ್ಲಿ ಕಬಿನಿಯಲ್ಲಿ ಹಿಡಿದ 120 ಪೌಂಡಿನ ಬಿಳಿಮೀನು ದಾಖಲೆಯಾಯಿತು. ಸುಮಾರು 54 ಕಿಲೋ! ಹೊಳೆ ದಡದ ಜನ ಅದೇ ಮೀನಿಗೆ ರಾಗಿಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ ಉಂಡೆ ಕಟ್ಟಿ ಒಡ್ಡುತ್ತಿದ್ದರು. ನನ್ನ ಮಟ್ಟಿಗೆ ಆ ರಾಗಿ ಉಂಡೆಯೂ ಫ್ಲೈಗೆ ಸಮನಾದ ಕಸುಬು.

ಬೇಸಿಗೆಯಲ್ಲಿ ಕಾವೇರಿ ಸೊರಗಿ ಬಂಡೆಗಳು ಮೇಲೇಳುತ್ತವೆ, ನೀರು ತಿಳಿಯಾಗುತ್ತದೆ. ಬೆಳಗಿನ ತಂಪಿನಲ್ಲಿ ಹೊಳೆಮತ್ತಿಯ ಕೊಂಬೆಗಳಡಿ ಮೀನು ಬಾಯಿ ಹಾಕುವುದು ದಡದಿಂದಲೇ ಕಾಣುತ್ತದೆ. ಬಿಸಿಲೇರಿದರೆ ಎಲ್ಲ ಮಡುವಿಗೆ ಇಳಿಯುತ್ತವೆ. ಆ ಹೊತ್ತು ನೆರಳಿನಲ್ಲಿ ಕೂತು ನೊಣ ಕಟ್ಟುವುದಕ್ಕೆ. ಇಳಿಹೊತ್ತಿಗೆ ಹುಳಗಳು ನೀರಿನ ಮೇಲೆ ಹಾರಾಡತೊಡಗಿದಾಗ ಮತ್ತೆ ಕೋಲು ಎತ್ತಬಹುದು.

ಆದರೆ ಕಾವೇರಿಯ ಗೂನುಬೆನ್ನಿನ ಬಿಳಿಮೀನನ್ನು ಟಾರ್ ರೆಮಾದೇವಿ ಎಂದು ವಿಜ್ಞಾನಿಗಳು ಗುರುತಿಸಿದ್ದೇ 2018ರಲ್ಲಿ. ಅದೇ ವರ್ಷ ಅದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಹೀಗಿರುವಾಗ ವನ್ಯಧಾಮದ ನೀರಿಗೆ ಗಾಳ ಇಳಿಸುವ ಮಾತೇ ಬೇಡ. ಅನುಮತಿಯಿರುವ ಕೆರೆಯಲ್ಲಿ, ಮುಳ್ಳು ಚಪ್ಪಟೆ ಮಾಡಿದ ಸಣ್ಣ ಕೊಕ್ಕೆಗೆ, ಹುಳ ಹಿಡಿಯಲು ಮೇಲೆ ಬರುವ ಸಣ್ಣ ಮೀನುಗಳೇ ಸಾಕು. ಹಿಡಿದದ್ದನ್ನು ಒದ್ದೆ ಕೈಯಲ್ಲೇ ನೀರಿಗೆ ಬಿಡಬೇಕು.

ಮೊದಲ ಕೋಲಿಗೆ ಆರು ದಬ್ಬೆಯ ಸಾಹಸ ಬೇಡ. ತೆಳ್ಳಗಿನ, ಒಳಗೆ ಟೊಳ್ಳು ಕಡಿಮೆಯಿರುವ ಕಿರುಬಿದಿರಿನ ಗಳುವೊಂದನ್ನು ತಂದು ತುದಿಗೇ ದಾರ ಕಟ್ಟಿದರೆ ಆಯಿತು. ಜಪಾನಿನ ತೆಂಕಾರಾ ಪದ್ಧತಿಯಲ್ಲೂ ರೀಲ್ ಇರುವುದಿಲ್ಲ. ಕೊಕ್ಕೆಯ ಜಾಗದಲ್ಲಿ ಉಣ್ಣೆಯ ಎಳೆ ಕಟ್ಟಿಕೊಂಡು ಮೊದಲು ಯಾವುದಾದರೂ ಹುಲ್ಲುಹಾಸಿನ ಮೇಲೆ ಬೀಸುವುದನ್ನು ಕಲಿಯಿರಿ. ದಾರ ಹಿಂದಕ್ಕೆ ಪೂರಾ ಬಿಚ್ಚಿಕೊಳ್ಳುವವರೆಗೆ ಒಂದು ಕ್ಷಣ ತಡೆದು ಮುಂದಕ್ಕೆ ಬೀಸಬೇಕು. ಅವಸರ ಮಾಡಿದರೆ ಚಾಟಿಯ ಸದ್ದು ಬರುತ್ತದೆ, ನೊಣ ಕಿತ್ತುಹೋಗುತ್ತದೆ.